ಸೂರ್ಯಾಸ್ತದ ನಂತರವೇ ಸಿಂಪಡಿಸಿ

ಫೆಬ್ರವರಿ 9

ತರಲೆಗೆ,

ನೀನು ಕೊಟ್ಟ ಹೊಸ ವಿಳಾಸ ಸರಿಯೋ ತಪ್ಪೋ, ಈ ಕಾಗದ ತಲುಪಿದರೆ ಗೊತ್ತಾಗುತ್ತದೆ. ಫೋನು ಮಾಡು ಎಂದು ಇನ್ನೊಮ್ಮೆ ಹೇಳಬೇಡ. ಕಿವಿಗೆ ಹಿಡಿದರೆ ಗೊಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಈಚೆಗೆ ಎಡಗಿವಿಯೂ ಬಲಗಿವಿಯ ದಾರಿಯನ್ನೇ ಹಿಡಿದಿದೆ.

ಈ ಸಲ ಬೀಜಕ್ಕೆ ಬಿಟ್ಟ ಟೊಮೇಟೊಗೆ ಬಿಳಿನೊಣ ವಿಪರೀತ. ಸೋಪಿನ ನೀರು ಹೊಡೆದೆ, ಜಗ್ಗಲಿಲ್ಲ. ಔಷಧಿ ಅಂಗಡಿಗೆ ಹೋದರೆ ಅವನು ನಿಮ್ಮ ಕಂಪನಿಯ ಡಬ್ಬಿಯನ್ನೇ ಕೈಗಿಟ್ಟ. ಒಳಗೆ ಎಂಟು ಮಡಿಕೆಯ ಸೂಚನೆಯ ಕಾಗದ. ಇದನ್ನು ಬರೆದವಳು ನಮ್ಮಣ್ಣನ ಮಗಳು, ಏಳು ವರ್ಷದವಳಿದ್ದಾಗಿನಿಂದ ನಾನೇ ಸಾಕಿದ್ದು ಎಂದೆ. "ಇದನ್ನ ಬರೆಯೋಕೂ ಜನ ಇರ್ತಾರಾ?" ಎಂದ. ಓದೋಕೆ ಇಲ್ಲದಿದ್ದರೂ ಬರೆಯೋಕೆ ಇದ್ದಾರೆ ಎಂದು ಹೇಳಿ ಬಂದೆ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. 'ಜೇನುನೊಣಗಳ ಹಿತದೃಷ್ಟಿಯಿಂದ ಸೂರ್ಯಾಸ್ತದ ನಂತರವೇ ಸಿಂಪಡಿಸಿ.' ಈ ಸಾಲು ನಿನ್ನದೇ ಎಂದು ತಕ್ಷಣ ಗೊತ್ತಾಯಿತು. ಚಿಕ್ಕವಳಿದ್ದಾಗ ಕೆಂಪು ತಟ್ಟೆಯೇ ಬೇಕು, ಕಿಟಕಿಯ ಪಕ್ಕವೇ ಮಲಗಬೇಕು ಎಂದು ರಚ್ಚೆ ಹಿಡಿಯುತ್ತಿದ್ದೆಯಲ್ಲ, ಅದೇ ಹಟ.

ನಾನು ಯಾರ ಮಾತೂ ಕೇಳುವವಳಲ್ಲ, ನಿನಗೆ ಗೊತ್ತು. ನಿನ್ನ ಮಾತು ಕೇಳಿದೆ. ಮೂರು ವಾರದಿಂದ, ವಾರಕ್ಕೊಂದು ಸಂಜೆ, ಸೂರ್ಯ ಮುಳುಗಿದ ಮೇಲೆ ಪಂಪು ಬೆನ್ನಿಗೇರಿಸಿ ಸಾಲು ಸಾಲಾಗಿ ಹೊಡೆದಿದ್ದೇನೆ. ಬಿಳಿನೊಣ ಅಂಚಿನ ಹುಲ್ಲಿನಲ್ಲಿ ಅಡಗುತ್ತದೆಂದು ಅಲ್ಲಿಗೂ ಹೊಡೆದೆ. ಪಕ್ಕದ ಹೊಲದ ಡ್ರಾಯಿಂಗ್ ಮೇಷ್ಟ್ರು ಬೆಳಗ್ಗೆ ಹತ್ತು ಗಂಟೆಗೆ ಹೊಡೆಯುತ್ತಿದ್ದರು. ಬೇಲಿಯ ಮೇಲಿಂದ ನಿನ್ನ ಕಾಗದ ಓದಿ ಹೇಳಿ ಅವರನ್ನೂ ಸಂಜೆಗೆ ತಿರುಗಿಸಿದ್ದೇನೆ. ನಮ್ಮ ಶೆಡ್ಡಿನ ಮಣ್ಣುಗೋಡೆಯಲ್ಲಿ ತೂತು ಕೊರೆದು ಸಂಸಾರ ಮಾಡುವ ಪಟ್ಟೆ ಮೈಯ ಕಾಡುಜೇನು, ನಮ್ಮ ಪಟಾಪಟಿಗಳಿಗೂ ಒಳ್ಳೆಯದಾಗಲಿ. ಪಾಪ, ಅವು ಬಂದು ಹೂವನ್ನು ಹಿಡಿದು ನಡುಗಿಸಿದರೇ ನನ್ನ ಟೊಮೇಟೊ ತುಂಬ ಬೀಜ.

ಒಳ್ಳೆಯ ಕೆಲಸ ಮಾಡುತ್ತಿದ್ದೀಯ. ಎದುರಿಗೆ ಸಿಕ್ಕಿದ್ದರೆ ಹೇಳುತ್ತಿರಲಿಲ್ಲ.

ನಿನ್ನ ಅತ್ತೆ

•

ಫೆಬ್ರವರಿ 20

ಅತ್ತೆ,

ನಿನ್ನ ಕಾಗದವನ್ನು ಆಫೀಸಿನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಇಲ್ಲಿ ಆರು ವರ್ಷವಾಯಿತು, ನಾನು ಬರೆದದ್ದನ್ನು ಓದಿದೆ ಎಂದು ಹೇಳಿದವಳು ನೀನೊಬ್ಬಳೇ.

ಆ ಒಂದು ಸಾಲಿಗಾಗಿ ಮ್ಯಾನೇಜರ ಜೊತೆ ನಾಲ್ಕು ಮೀಟಿಂಗು ಜಗಳವಾಡಿದ್ದೆ. "ಯಾರಮ್ಮ ಪಾಲಿಸ್ತಾರೆ, ಜಾಗ ದಂಡ" ಎಂದಿದ್ದರು. ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣ ಹೊತ್ತು ಮುಳುಗುವ ಮೊದಲೇ ಗೂಡು ಸೇರುತ್ತದೆ, ಬೆಳಗಾಗುವುದರೊಳಗೆ ಔಷಧಿ ಒಣಗಿರುತ್ತದೆ ಎಂದು ನಮ್ಮ ಪ್ರಯೋಗಾಲಯದ ವರದಿಯನ್ನೇ ಮುಂದಿಟ್ಟೆ. ಕೊನೆಗೆ ಒಪ್ಪಿದರು. ನಾನು ಮಾಡಿದ್ದರಲ್ಲಿ ನೆಮ್ಮದಿ ಕೊಟ್ಟ ಕೆಲಸ ಅದು.

ಬೇಸಿಗೆಗೆ ಬರುತ್ತೇನೆ. ಕಳೆದ ಸಲವೂ ಹಾಗೇ ಹೇಳಿದ್ದೆ ಎಂದು ನೆನಪಿಸಬೇಡ.

ನಿನ್ನ ತರಲೆ

•

ಮಾರ್ಚ್ 18

ತರಲೆಗೆ,

ಹೂ ಉದುರುತ್ತಿದೆ. ಕಾಯಿ ಕಚ್ಚುತ್ತಿಲ್ಲ. ಗಾಳಿಗೆ ಅಷ್ಟಿಷ್ಟು ಕಚ್ಚಿದ್ದು ನಿಂಬೆಯಷ್ಟೂ ಇಲ್ಲ. ಕೊಯ್ದು ನೋಡಿದರೆ ಒಳಗೆ ಬರೀ ರಸ, ಬೀಜ ಬೆರಳೆಣಿಕೆ. ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ.

ಕಿವಿ ನೆಟ್ಟಗಿದ್ದಿದ್ದರೆ ಇನ್ನೂ ಮೊದಲೇ ಗೊತ್ತಾಗುತ್ತಿತ್ತು. ಹೊಲದಲ್ಲಿ ಸದ್ದಿಲ್ಲ ಎಂದು ನನಗೆ ಹೇಳಿದವರು ಡ್ರಾಯಿಂಗ್ ಮೇಷ್ಟ್ರು. "ನಿಮ್ಮ ಕಡೆ ಗುಂಯ್ ಅಂತಿತ್ತಲ್ಲ, ಅದೆಲ್ಲಿ ಹೋಯ್ತು?" ಎಂದು ಜೋರಾಗಿ ಎರಡು ಸಲ ಕೂಗಿದರು. ಶೆಡ್ಡಿಗೆ ಹೋಗಿ ನೋಡಿದೆ. ಗೋಡೆಯ ತೂತುಗಳಿಗೆ ಜೇಡ ಬಲೆ ಕಟ್ಟಿದೆ. ಮೊಟ್ಟೆಯಿಟ್ಟು ಮಣ್ಣು ಮೆತ್ತಿ ಮುಚ್ಚಿದ ಕೆಲವು ತೂತುಗಳು ಹಾಗೇ ಇವೆ. ಹೋಗಿ ಬರುವ ಒಂದೂ ಇಲ್ಲ.

ಆಮೇಲೆ ಉತ್ತರದ ಅಂಚಿನಲ್ಲಿ ಹುಲ್ಲು ಕೀಳಲು ಕೂತೆ. ಒಂದು ಒಣಕಡ್ಡಿಯ ಮೇಲೆ ಹನ್ನೊಂದು ಪಟಾಪಟಿ, ಒಂದರ ಕೆಳಗೊಂದು. ಮಲಗಿವೆ ಎಂದುಕೊಂಡೆ. ನಡುಮಧ್ಯಾಹ್ನ ಯಾಕೆ ಮಲಗುತ್ತವೆ? ಬೆರಳು ತಾಗಿಸಿದೆ. ಒಂದು ಪುಡಿಯಾಗಿ ಉದುರಿತು. ಉಳಿದವು ಬಾಯಿಂದ ಕಡ್ಡಿಯನ್ನು ಕಚ್ಚಿಕೊಂಡು ಹಾಗೆಯೇ ಇದ್ದವು. ಸಾಯುವಾಗಲೂ ಬಾಯಿ ಬಿಟ್ಟಿಲ್ಲ. ಪಕ್ಕದ ಕಡ್ಡಿಗಳಲ್ಲೂ ಅದೇ.

ನಾಲ್ಕನ್ನು ಅಂಗೈಯಲ್ಲಿಟ್ಟುಕೊಂಡು ಮೇಷ್ಟ್ರಿಗೂ ಅಂಗಡಿಯವನಿಗೂ ತೋರಿಸಿದೆ. "ಬಿಸಿಲಿಗೆ ಸತ್ತಿರಬೇಕು" ಎಂದರು ಮೇಷ್ಟ್ರು. "ಕಾಗದದಲ್ಲಿ ಬರೆದ ಹಾಗೇ ತಾನೇ ಹೊಡೆದಿದ್ದು?" ಎಂದ ಅಂಗಡಿಯವನು. ಹೌದು, ಬರೆದ ಹಾಗೆಯೇ ಹೊಡೆದೆ.

ನಿನ್ನ ಪೆಟ್ಟಿಗೆಯ ನೊಣಗಳು ಸಂಜೆ ಗೂಡಿಗೆ ಹೋಗುತ್ತವೆ. ಸರಿ. ನನ್ನವು ಎಲ್ಲಿಗೆ ಹೋಗುತ್ತವೆ ಎಂದು ಬರೆಯುವ ಮೊದಲು ಯಾರನ್ನಾದರೂ ಕೇಳಿದ್ದೆಯಾ?

ನಿನ್ನ ಅತ್ತೆ

•

ಏಪ್ರಿಲ್ 2

ಪ್ರೀತಿಯ ಅತ್ತೆಗೆ,

ತಮ್ಮ ಪತ್ರ ತಲುಪಿತು. ಬೆಳೆ ಹಾಳಾಗಿದ್ದು ತಿಳಿದು ಬೇಸರವಾಯಿತು. ಹೂ ಉದುರಲು ಬಿಸಿಲು, ನೀರಿನ ಕೊರತೆ, ಮಣ್ಣಿನ ದೋಷ ಮುಂತಾದ ಹಲವು ಕಾರಣಗಳಿರಬಹುದು. ಕಾಡುನೊಣಗಳ ಸಾವಿಗೂ ಔಷಧಿಗೂ ನೇರ ಸಂಬಂಧವಿದೆ ಎಂದು ಈಗಲೇ ಹೇಳುವುದು ಕಷ್ಟ. ಪ್ರಮಾಣ ಮೀರಿ ಬಳಸಿರುವ ಸಾಧ್ಯತೆ ಇದೆಯೇ ಎಂದು ದಯವಿಟ್ಟು ಪರಿಶೀಲಿಸಿ. ಬೇಸಿಗೆಯಲ್ಲಿ ಇಲ್ಲಿ ಕೆಲಸ ಹೆಚ್ಚಿರುವುದರಿಂದ ಬರಲಾಗುವುದಿಲ್ಲ.

ಇಂತಿ,
ತಮ್ಮ ಸೊಸೆ

•

ಏಪ್ರಿಲ್ 11

ಕಂಪನಿಯವರಿಗೆ,

ತಮ್ಮ ಕಾಗದ ಬಂತು. ಹದಿನಾರು ಲೀಟರ್ ನೀರಿಗೆ ಎಂಟು ಮಿಲಿ, ಕಾಗದದಲ್ಲಿ ಬರೆದಷ್ಟೇ, ಮುಚ್ಚಳದಲ್ಲಿ ಅಳೆದು ಹಾಕಿದ್ದೇನೆ. ಪರಿಶೀಲಿಸಿದ್ದಾಯಿತು.

ನನ್ನ ಸೊಸೆ ಅಲ್ಲಿ ಕೆಲಸಕ್ಕಿದ್ದಾಳೆ. ತರಲೆ, ಆದರೆ ಸುಳ್ಳು ಹೇಳುವವಳಲ್ಲ. ಸಿಕ್ಕಿದರೆ ಅವಳನ್ನು ಕಾಗದ ಬರೆಯಲು ಹೇಳಿ.

•

ಜೂನ್ 27

ಅತ್ತೆ,

ಎರಡೂವರೆ ತಿಂಗಳಲ್ಲಿ ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ. ನಾಚಿಕೆಯಾಗಿತ್ತು, ಅದಕ್ಕೇ 'ತಾವು' ಎಂದೆಲ್ಲ ಬರೆದೆ. ತಪ್ಪಾಯಿತು.

ಕಡತಗಳನ್ನು ತೆಗೆಸಿ ನೋಡಿದೆ. ನಮ್ಮ ಪ್ರಯೋಗಾಲಯ ಒಂದೇ ಒಂದು ಜಾತಿಯ ಮೇಲೆ ಪರೀಕ್ಷೆ ಮಾಡಿದೆ, ಪೆಟ್ಟಿಗೆಯಲ್ಲಿ ಸಾಕುವ ಜೇನು. ಮಿಕ್ಕವುಗಳ ಬಗ್ಗೆ ಒಂದು ಸಾಲೂ ಇಲ್ಲ. ನಾನು ಅದನ್ನು ಓದಿ 'ಜೇನುನೊಣಗಳು' ಎಂದು ಎಲ್ಲವನ್ನೂ ಸೇರಿಸಿ ಬರೆದುಬಿಟ್ಟೆ. ಪಟಾಪಟಿಗಳಲ್ಲಿ ಹೆಣ್ಣು ಮಾತ್ರ ಗೋಡೆಯ ತೂತಿನಲ್ಲಿ ಮಲಗುತ್ತದಂತೆ. ಗಂಡಿಗೆ ಮನೆಯೇ ಇಲ್ಲ. ಸಂಜೆಯಾದರೆ ಯಾವುದಾದರೂ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಬೆಳಗಿನವರೆಗೆ ಅಲ್ಲೇ. ಗೋಡೆಯ ಹೆಣ್ಣುಗಳು ಬೆಳಗ್ಗೆ ಔಷಧಿ ಬಿದ್ದ ಹೂವನ್ನೇ ಹಿಡಿದು ನಡುಗಿಸಿ ಸತ್ತಿರಬೇಕು. ಕೀಟಶಾಸ್ತ್ರದ ಪುಸ್ತಕದಲ್ಲಿ ಇದು ಎಂದಿನಿಂದಲೋ ಇದೆ. ಕಳೆದ ವಾರ ಆಫೀಸಿನ ಹಿಂದೆ, ಸೈಕಲ್ ನಿಲ್ಲಿಸುವ ಜಾಗದ ಹುಲ್ಲಿನಲ್ಲಿ ಮೂರು ಮಲಗಿದ್ದನ್ನು ನಾನೇ ನೋಡಿದೆ. ಆರು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ.

ಅಂದರೆ, ಬೆಳಗ್ಗೆ ಹೊಡೆದರೆ ಹಾರುತ್ತಿರುವವು ಕೆಲವಾದರೂ ತಪ್ಪಿಸಿಕೊಳ್ಳುತ್ತವೆ. ಸಂಜೆ ಹೊಡೆಯಿರಿ ಎಂದು ನಾನು ಜಗಳವಾಡಿ ಬರೆಸಿದೆ.

ಮ್ಯಾನೇಜರಿಗೆ ಹೇಳಿದೆ. ಬೈಯಲಿಲ್ಲ. "ಪುಸ್ತಕ ಸಾಲದು, ನಮ್ಮ ಔಷಧಿಯಿಂದಲೇ ಅಂತ ತೋರಿಸು, ಬದಲಾಯಿಸೋಣ" ಎಂದರು. ಹೊಸ ಕಾಗದ ಡಿಸೆಂಬರ್ ಒಂದಕ್ಕೆ ಅಚ್ಚಿಗೆ ಹೋಗುತ್ತದೆ. ಒಮ್ಮೆ ಅಚ್ಚಾದರೆ ಮೂರು ವರ್ಷ ಅದೇ. ಮುಚ್ಚಿದ ತೂತುಗಳಿಂದ ಮರಿಗಳು ಹೊರಬಂದರೆ ಎಣಿಸಿ ಬರೆಯುತ್ತೀಯಾ?

ನಿನ್ನ ತರಲೆ

•

ಸೆಪ್ಟೆಂಬರ್ 16

ತರಲೆಗೆ,

ಬಂದಿವೆ. ಮೊದಲು ಎರಡು, ವಾರದೊಳಗೆ ಹತ್ತಾರು. ಶೆಡ್ಡಿನ ಗೋಡೆಯನ್ನು ಈ ವರ್ಷ ಕೆಡವಿ ಇಟ್ಟಿಗೆಯದು ಕಟ್ಟಿಸಬೇಕೆಂದಿದ್ದೆ. ಗಾರೆಯವನು ಬಂದು ನಿಂತಿದ್ದ. ವಾಪಸ್ ಕಳಿಸಿದೆ. "ನೊಣಕ್ಕೋಸ್ಕರ ಗೋಡೆ ಬಿಡ್ತೀರಾ?" ಎಂದು ಕೇಳಿದ. ನಿನಗೋಸ್ಕರ ನೊಣ ಬಿಡಲಾ ಎಂದೆ. ಮುಖ ಊದಿಸಿಕೊಂಡು ಹೋದ.

ದಿನಾ ಸಂಜೆ ಬೆತ್ತದ ಮೋಡಾ ಹಾಕಿಕೊಂಡು ಕೂತು ಎಣಿಸುತ್ತೇನೆ. ಎರಡು ಕಡೆ ಮಲಗುತ್ತಿವೆ. ಉತ್ತರದ ಅಂಚಿನಲ್ಲಿ ಹದಿನೇಳು, ಶೆಡ್ಡಿನ ಹಿಂದೆ ಇಪ್ಪತ್ತೊಂದು. ಎರಡಕ್ಕೂ ನಡುವೆ ನೂರೈವತ್ತು ಹೆಜ್ಜೆ. ಹಿಂದಿನ ವರ್ಷಗಳಲ್ಲಿ ನೂರಿದ್ದವೋ ಇನ್ನೂರಿದ್ದವೋ, ಎಣಿಸಿದವರು ಯಾರು?

ಔಷಧಿ ಹೊಡೆದಿಲ್ಲ. ಬಿಳಿನೊಣ ಹತ್ತಿದ ಎಲೆಯನ್ನು ಕೈಯಲ್ಲೇ ಕಿತ್ತು ಸುಡುತ್ತಿದ್ದೇನೆ. ಸೊಂಟ ಬಿದ್ದುಹೋಗಿದೆ. ಮೇಷ್ಟ್ರು ಮಾತ್ರ ಸಂಜೆ ತಪ್ಪದೆ ಹೊಡೆಯುತ್ತಾರೆ. ಬೇಡ ಎಂದರೆ "ನೀವೇ ಓದಿ ಹೇಳಿದ್ದಲ್ವಾ" ಎನ್ನುತ್ತಾರೆ. ಅಂಗಡಿಯವನು ಈಗ ಡಬ್ಬಿ ಕೊಂಡವರಿಗೆಲ್ಲ ಸಂಜೆ ಹೊಡೀರಿ ಎಂದು ಬಾಯಲ್ಲೇ ಹೇಳಿ ಕಳಿಸುತ್ತಾನಂತೆ. ನನ್ನಿಂದ ಕಲಿತದ್ದು.

ನಿನ್ನ ಅತ್ತೆ

•

ಅಕ್ಟೋಬರ್ 14

ಅತ್ತೆ,

ನಿನ್ನ ಲೆಕ್ಕವನ್ನು ಮ್ಯಾನೇಜರಿಗೆ ತೋರಿಸಿದೆ. "ಬದುಕಿವೆ ಅಂತ ಗೊತ್ತಾಯ್ತು. ಸಾಯ್ತವೆ ಅಂತ ಎಲ್ಲಿದೆ?" ಎಂದರು. ಮಾರ್ಚಿನಲ್ಲಿ ಸತ್ತವನ್ನು ನಾವು ಇಟ್ಟುಕೊಂಡಿಲ್ಲ, ಮೊದಲು ಎಷ್ಟಿದ್ದವು ಎಂದೂ ಗೊತ್ತಿಲ್ಲ. ಅವರು ಹೇಳುವುದು ಸುಳ್ಳಲ್ಲ.

ಅವರಿಗೆ ಬೇಕಾದದ್ದು ಇಷ್ಟು. ಎರಡು ಜಾಗ. ಒಂದೇ ಸಂಜೆ ಒಂದಕ್ಕೆ ಕಾಗದದಲ್ಲಿರುವ ಪ್ರಮಾಣದಲ್ಲೇ ಔಷಧಿ, ಇನ್ನೊಂದಕ್ಕೆ ಬರೀ ನೀರು. ಮಲಗುವಾಗ ಎಷ್ಟಿದ್ದವು, ಬೆಳಗ್ಗೆ ಎಷ್ಟು ಸತ್ತವು ಎಂದು ಬರೆಯಬೇಕು. ಸತ್ತವನ್ನು ಕಳಿಸಬೇಕು. ಖಾನೆ ಹಾಕಿದ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ.

ಹಾಗೆ ಎರಡು ಕಡೆ ಮಲಗುವ ಜಾಗ ನನಗೆ ಗೊತ್ತಿರುವುದು ನಿನ್ನ ಹೊಲ ಒಂದೇ. ಕೇಳಬಾರದು. ಕೇಳುತ್ತಿದ್ದೇನೆ.

ನಿನ್ನ ತರಲೆ

•

ಅಕ್ಟೋಬರ್ 23

ತರಲೆಗೆ,

ಹಾಳೆ ಬಂತು. ಗಡಿಯಾರದ ಹಿಂದೆ ಸಿಕ್ಕಿಸಿದ್ದೇನೆ.

ಅವು ಮಲಗುವುದನ್ನು ನೀನು ಸರಿಯಾಗಿ ನೋಡಿದ್ದೀಯೋ ಇಲ್ಲವೋ. ಐದೂಕಾಲಿಗೆ ಮೊದಲನೆಯದು ಬರುತ್ತದೆ. ನಿನ್ನೆ ಹಿಡಿದಿದ್ದ ಕಡ್ಡಿಯೇ ಆಗಬೇಕು ಅದಕ್ಕೆ. ಕಚ್ಚಿ ಹಿಡಿದು, ಕಾಲು ಮಡಚಿ, ಒಂದೆರಡು ಸಲ ಮೈ ಅಲುಗಿಸಿ ಸರಿಮಾಡಿಕೊಳ್ಳುತ್ತದೆ. ಎರಡನೆಯದು ಬಂದು ಅದರ ಜಾಗಕ್ಕೇ ನುಗ್ಗುತ್ತದೆ. ಬಸ್ಸಿನ ಸೀಟಿಗೆ ಗುದ್ದಾಡುವ ಹಾಗೆ ಸ್ವಲ್ಪ ಹೊತ್ತು ಗುದ್ದಾಟ. ಆರು ಗಂಟೆಗೆಲ್ಲ ತಣ್ಣಗಾಗುತ್ತವೆ. ಆಮೇಲೆ ಪಕ್ಕದಲ್ಲಿ ನಿಂತು ಕೆಮ್ಮಿದರೂ ಕದಲುವುದಿಲ್ಲ.

ಫೆಬ್ರವರಿಯಲ್ಲಿ ನಾನು ಹೊಡೆದಾಗ ನನಗೆ ಏನೂ ಗೊತ್ತಿರಲಿಲ್ಲ. ಈಗ ನನಗೆ ಎಲ್ಲ ಗೊತ್ತಿದೆ, ಅದಕ್ಕೇ ಹೊಡಿ ಎನ್ನುತ್ತಿದ್ದೀಯ. ನಿನ್ನ ಮೇಲೆ ಕೋಪ ಬಂದಿದೆ. ನಿನ್ನ ಮ್ಯಾನೇಜರ ಮೇಲೆ ಬಂದಿದ್ದರೆ ಸುಲಭವಾಗುತ್ತಿತ್ತು.

ಯೋಚಿಸುತ್ತೇನೆ.

ನಿನ್ನ ಅತ್ತೆ

•

ನವೆಂಬರ್ 5

ಅತ್ತೆ,

ಬೇಡ. ಹೊಡೆಯಬೇಡ.

ಒಂದು ವಾರದಿಂದ ನಿನ್ನ ಕಾಗದ ಓದುತ್ತಿದ್ದೇನೆ. ನನ್ನ ತಪ್ಪನ್ನು ನಿನ್ನ ಕೈಯಿಂದ ಇನ್ನೊಮ್ಮೆ ಮಾಡಿಸಲು ಹೊರಟಿದ್ದೆ. ಮಾಡಲೇಬೇಕಾಗಿದ್ದರೆ ನಾನು ಬಂದು ಪಂಪು ಹಿಡಿಯಬೇಕಿತ್ತು. ಆ ಯೋಚನೆ ನನಗೆ ಬರಲೇ ಇಲ್ಲ ಎಂದರೆ ನಂಬುತ್ತೀಯಾ? ಇಲ್ಲಿ ಕೂತು ಹಾಳೆಗೆ ಗೆರೆ ಹಾಕುತ್ತಿದ್ದೆ.

ಇವತ್ತು ಮ್ಯಾನೇಜರಿಗೆ ಪ್ರಯೋಗ ಮಾಡಿಸುವುದಿಲ್ಲ ಎಂದೆ. "ಹಾಗಾದ್ರೆ ಹಳೇ ಸಾಲೇ ಇರಲಾ?" ಎಂದರು. ಮೂರು ವರ್ಷ ಅದೇ ಇರುತ್ತದೆ, ಗೊತ್ತು. ಆದರೂ ನಿನ್ನ ಮೂವತ್ತೆಂಟನ್ನು ಮುಟ್ಟಬೇಡ.

ನಿನ್ನ ತರಲೆ

•

ನವೆಂಬರ್ 5

ತರಲೆಗೆ,

ನಿನ್ನೆ ಸಂಜೆ ಹೊಡೆದೆ.

ಹಾಳೆ ತುಂಬಿಸಿದ್ದೇನೆ, ಆದರೂ ಬಾಯಿಬಿಟ್ಟು ಹೇಳುತ್ತೇನೆ. ಉತ್ತರದ ಅಂಚಿನಲ್ಲಿ ಮಲಗಿದ್ದವು ಹತ್ತೊಂಬತ್ತು, ಈಚೆಗೆ ಎರಡು ಹೆಚ್ಚಾಗಿದ್ದವು. ಶೆಡ್ಡಿನ ಹಿಂದೆ ಇಪ್ಪತ್ತೊಂದು. ಆರೂ ಹತ್ತಕ್ಕೆ ಶೆಡ್ಡಿನ ಹಿಂದೆ ನೀರು, ಆರೂವರೆಗೆ ಉತ್ತರದ ಅಂಚಿಗೆ ಔಷಧಿ. ಪಂಪಿನ ಹಿಡಿಯನ್ನು ನಾಲ್ಕು ಸಲ ಒತ್ತಿದ್ದು, ಅಷ್ಟೇ. ಯಾವುದೂ ಕಡ್ಡಿ ಬಿಡಲಿಲ್ಲ. ನೀರೆಂದುಕೊಂಡಿರಬೇಕು.

ಬೆಳಗ್ಗೆ ಆರೂವರೆಗೆ ಶೆಡ್ಡಿನ ಹಿಂದಿನವು ಒಂದೊಂದಾಗಿ ಮೈ ಒಣಗಿಸಿಕೊಂಡು ಹಾರಿಹೋದವು, ಇಪ್ಪತ್ತೊಂದೂ. ಉತ್ತರದ ಅಂಚಿನಲ್ಲಿ ಹದಿನೇಳು ಸತ್ತಿದ್ದವು. ಎರಡು ಕೆಳಗೆ ಬಿದ್ದು ಸುತ್ತುತ್ತಿದ್ದವು. ಹಾಳೆಯಲ್ಲಿ ಬೆಳಗಿನ ಖಾನೆ ಮಾತ್ರ ಇದೆ, ಅದಕ್ಕೆ ಹದಿನೇಳು ಎಂದು ಬರೆದೆ. ಆ ಎರಡರ ಪಕ್ಕದಲ್ಲಿ ಕೂತಿದ್ದೆ. ಹನ್ನೊಂದೂವರೆಗೆ ಒಂದು, ಹನ್ನೆರಡಕ್ಕೆ ಇನ್ನೊಂದು. ಅವನ್ನು ಎಲ್ಲಿ ಬರೆಯಬೇಕೋ ಗೊತ್ತಾಗಲಿಲ್ಲ.

ಯಾಕೆ ಹೊಡೆದೆ ಎಂದು ಕೇಳಬಹುದು. ಮೊನ್ನೆ ಅಂಗಡಿಗೆ ಹೋಗಿದ್ದೆ. ನಾನು ನಿಂತಿದ್ದಷ್ಟು ಹೊತ್ತಿನಲ್ಲಿ ಒಂಬತ್ತು ಜನ ಅದೇ ಡಬ್ಬಿ ಕೊಂಡುಹೋದರು. ಒಂಬತ್ತು ಜನಕ್ಕೂ ಅವನು "ಸಂಜೆ ಹೊಡೀರಿ, ಜೇನಿಗೆ ಒಳ್ಳೇದು" ಎಂದ. ಮನೆಗೆ ಬಂದು ಹಾಳೆ ತೆಗೆದೆ.

ಹತ್ತಿ ಹಾಸಿ ತಗಡಿನ ಡಬ್ಬಿಯಲ್ಲಿಟ್ಟು ಬೇರೆ ಪಾರ್ಸೆಲ್ ಮಾಡಿದ್ದೇನೆ. ಎರಡರ ಬಾಯಲ್ಲಿ ಕಡ್ಡಿ ಹಾಗೇ ಇದೆ. ಬಿಡಿಸಲು ಹೋಗಲಿಲ್ಲ.

ನಿನ್ನ ಅತ್ತೆ

•

ನವೆಂಬರ್ 13

ತರಲೆಗೆ,

ನಿನ್ನ ಕಾಗದ ನಿನ್ನೆ ಬಂತು. ಒಂದೇ ದಿನ ಕೂತು ಇಬ್ಬರೂ ಬರೆದಿದ್ದೇವೆ.

ಬೇಜಾರು ಮಾಡಿಕೊಳ್ಳಬೇಡ ಎನ್ನುವುದಿಲ್ಲ. ಮಾಡಿಕೋ, ನಾನೂ ಮಾಡಿಕೊಂಡಿದ್ದೇನೆ. ಪಾರ್ಸೆಲ್ ಬಂದ ದಿನವೇ ತೆಗೆದುಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲಿಡು. ಮನೆಯಲ್ಲಿಟ್ಟುಕೊಂಡು ಅಳುತ್ತಾ ಕೂತರೆ ನಾನು ಮಾಡಿದ್ದು ದಂಡವಾಗುತ್ತದೆ.

ನಿನ್ನ ಅತ್ತೆ

•

ಡಿಸೆಂಬರ್ 10

ಅತ್ತೆ,

ಹೊಸ ಕಾಗದ ಅಚ್ಚಾಗಿದೆ. ಒಂದನ್ನು ಮಡಚಿ ಇಟ್ಟಿದ್ದೇನೆ, ಮೂರನೆಯ ಮಡಿಕೆ ನೋಡು. 'ಹೂ ಬಿಟ್ಟ ಬೆಳೆಗೆ ಯಾವ ಹೊತ್ತಿನಲ್ಲೂ ಸಿಂಪಡಿಸಬೇಡಿ. ಅಂಚಿನ ಹುಲ್ಲು, ಒಣಕಡ್ಡಿ, ಮಣ್ಣುಗೋಡೆಗಳಿಗೆ ತಾಗಿಸಬೇಡಿ.' ಸಂಜೆಯ ಸಾಲು ಹೋಯಿತು. ಒಂಟಿ ಜೇನುಗಳು ಅಲ್ಲಿ ಮಲಗುತ್ತವೆ ಎಂದೂ ಸೇರಿಸಿದ್ದೆ. ಜಾಗವಿಲ್ಲವೆಂದು ತೆಗೆದರು. ಅಂಗಡಿಗಳಲ್ಲಿ ಈಗಾಗಲೇ ಇರುವ ಡಬ್ಬಿಗಳಲ್ಲಿ ಹಳೆಯದೇ ಇರುತ್ತದೆ, ಅದಕ್ಕೆ ನಾನು ಏನೂ ಮಾಡಲಾಗಲಿಲ್ಲ.

ಮ್ಯಾನೇಜರು ಡಬ್ಬಿ ತೆರೆದು ಪೆನ್ಸಿಲ್ ತುದಿಯಲ್ಲಿ ತಾವೇ ಎಣಿಸಿದರು. "ಹಾಳೇಲಿ ಹದಿನೇಳಿದೆ, ಇಲ್ಲಿ ಎರಡು ಜಾಸ್ತಿ ಇದೆಯಲ್ಲ" ಎಂದರು. ಮಧ್ಯಾಹ್ನದವರೆಗೆ ನೀನು ಕೂತಿದ್ದನ್ನು ಹೇಳಿದೆ. ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ "ಹತ್ತೊಂಬತ್ತು ಅಂತಲೇ ಬರಿ" ಎಂದರು. ಬರೆದೆ.

ಈ ತಿಂಗಳ ಕೊನೆಗೆ ರಜೆ ಹಾಕಿದ್ದೇನೆ. ಟಿಕೆಟ್ ತೆಗೆದುಕೊಂಡಾಗಿದೆ, ಈ ಸಲ ಬರೀ ಮಾತಲ್ಲ. ಬರಲಾ?

ನಿನ್ನ ತರಲೆ

•

ಡಿಸೆಂಬರ್ 19

ತರಲೆಗೆ,

ಟಿಕೆಟ್ ತೆಗೆದುಕೊಂಡ ಮೇಲೆ ಬರಲಾ ಎಂದು ಕೇಳುವವಳು ನೀನೊಬ್ಬಳೇ.

ಹೊಸ ಕಾಗದವನ್ನು ಅಂಗಡಿಯವನಿಗೆ ಕೊಟ್ಟೆ, ಗೋಡೆಗೆ ಅಂಟಿಸಿದ್ದಾನೆ. ಮೇಷ್ಟ್ರಿಗೆ ಬೇಲಿಯ ಮೇಲಿಂದ ಓದಿ ಹೇಳಿದೆ. ಕನ್ನಡಕ ತರಿಸಿ ತಾವೂ ಒಮ್ಮೆ ಓದಿಕೊಂಡರು. "ಅಚ್ಚಾಗಿದೆ ಅಂದ್ಮೇಲೆ ಸರಿ" ಎಂದು ಪಂಪನ್ನು ಒಳಗಿಟ್ಟರು. ಮಾರ್ಚಿನಲ್ಲಿ ಸತ್ತವನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಇದೇ ಮನುಷ್ಯ ನಂಬಿರಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ನಾನು ಹೊಡೆದದ್ದೂ ಕಾಗದ ನೋಡಿಯೇ.

ಬಸ್ಸಿಳಿದವಳು ಅಲ್ಲಿ ಇಲ್ಲಿ ಸುತ್ತದೆ ಐದು ಗಂಟೆಯೊಳಗೆ ಹೊಲಕ್ಕೆ ಬಾ. ಮೋಡಾ ಎರಡು ಹಾಕಿರುತ್ತೇನೆ. ಮೊದಲು ಉತ್ತರದ ಅಂಚಿನಲ್ಲಿ ಕೂರೋಣ. ನವೆಂಬರಿನಿಂದ ಅಲ್ಲಿಗೆ ಒಂದೂ ಬಂದಿಲ್ಲ, ನಾನು ದಿನಾ ಹೋಗಿ ಸೊನ್ನೆ ಎಂದು ಬರೆಯುತ್ತಿದ್ದೇನೆ. ಆರು ಗಂಟೆಯವರೆಗೆ ನನ್ನ ಜೊತೆ ಆ ಕಡ್ಡಿಗಳನ್ನು ನೋಡುತ್ತಾ ಕೂತಿರು. ಏನೂ ಹೇಳಬೇಡ, ನನಗೆ ಹೇಗೂ ಕೇಳಿಸುವುದಿಲ್ಲ. ಆಮೇಲೆ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ.

ನಿನ್ನ ಅತ್ತೆ